ಮಡದಿಯ ನೆಲದ ಮೇಲೆ ಪತಿಯ ಕಟ್ಟಡ: ತೆರಿಗೆ ಕಾಯಿದೆಯ ದೃಷ್ಟಿಯಿಂದ ಒಂದು ವಿವೇಚನೆ

ಪೀಠಿಕೆ

ಸಂಸಾರದಲ್ಲಿ ‘ಇದು ನನ್ನದು, ಅದು ನಿನ್ನದು’ ಎಂಬ ಎಣಿಕೆ ಹುಟ್ಟದಿರುವುದೇ ಲೇಸೆಂಬುದು ನಮ್ಮ ಹಿರಿಯರ ಭಾವನೆ. ಗಂಡನ ದುಡಿಮೆ, ಹೆಂಡತಿಯ ತವರಿನ ನೆಲ, ಇಬ್ಬರ ಬಾಳು ಒಂದೇ ಒಲೆಯ ಸುತ್ತ ಕೂಡಿಕೊಂಡು ಬರುತ್ತವೆ. ಆದರೆ ತೆರಿಗೆಯ ಕಾಯಿದೆ ಸಂಸಾರವನ್ನು ಕಾಣುವ ಬಗೆ ಬೇರೆ. ಅದರ ಕಣ್ಣಿಗೆ ಗಂಡ ಒಬ್ಬ ತೆರಿಗೆದಾರ, ಹೆಂಡತಿ ಇನ್ನೊಬ್ಬ ತೆರಿಗೆದಾರಳು. ಒಬ್ಬರ ಸ್ವತ್ತು ಮತ್ತೊಬ್ಬರದಾಗಬೇಕಾದರೆ ಅದಕ್ಕೆ ಪತ್ರ ಬೇಕು. ಒಬ್ಬರ ಹಣ ಮತ್ತೊಬ್ಬರಿಗೆ ಹೋದರೆ ಅದು ದಾನವೋ ಸಾಲವೋ ಬಾಡಿಗೆಯೋ ಎಂಬ ಪ್ರಶ್ನೆಗೆ ಉತ್ತರ ಬೇಕು.

ಹೀಗಿರುವಲ್ಲಿ, ಹೆಂಡತಿಯ ಹೆಸರಿನಲ್ಲಿರುವ ನೆಲದ ಮೇಲೆ ಗಂಡನು ತನ್ನ ಹಣದಿಂದ ಅಂಗಡಿ, ಗೋದಾಮು ಅಥವಾ ಕಾರ್ಯಾಗಾರವನ್ನು ಕಟ್ಟಿ ವ್ಯಾಪಾರ ನಡೆಸಿದರೆ ಆ ಕಟ್ಟಡ ಯಾರದು? ಅದರ ಸವಕಳಿಯನ್ನು ಯಾರು ಲೆಕ್ಕಕ್ಕೆ ಹಿಡಿಯಬಹುದು? ನೆಲಕ್ಕೆ ಬಾಡಿಗೆ ಕೊಡಬೇಕೆ? ಮುಂದೆ ಮಾರಿದಾಗ, ಅಥವಾ ಇಬ್ಬರಲ್ಲೊಬ್ಬರು ಕಾಲವಾದಾಗ ಏನಾಗುತ್ತದೆ? ಮೇಲ್ನೋಟಕ್ಕೆ ಇವು ಲೆಕ್ಕಪರಿಶೋಧಕರ ಪ್ರಶ್ನೆಗಳಂತೆ ತೋರಿದರೂ ಇವುಗಳ ಉತ್ತರದ ಮೇಲೆ ಎಷ್ಟೋ ಕುಟುಂಬಗಳ ನೆಮ್ಮದಿ ನಿಂತಿದೆ. ಈ ಪ್ರಶ್ನೆಗಳನ್ನು ಒಂದೊಂದಾಗಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಉಲ್ಲೇಖಿಸಿರುವ ಆದಾಯ ತೆರಿಗೆಯ ಕಲಮುಗಳ ಸಂಖ್ಯೆ 1961ರ ಕಾಯಿದೆಯವು. 2025ರ ಹೊಸ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಅದರ ಸ್ಥಾನವನ್ನು ಪಡೆಯುವಂತೆ ವಿಧಿಸಲಾಗಿದೆ. ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾದರೂ ಇಲ್ಲಿ ಚರ್ಚಿಸಿದ ಮೂಲ ತತ್ತ್ವಗಳು ಬದಲಾಗಿಲ್ಲ. ಹಳೆಯ ತೀರ್ಪುಗಳೆಲ್ಲ ಹಳೆಯ ಸಂಖ್ಯೆಗಳನ್ನೇ ಬಳಸಿರುವುದರಿಂದ ಅಭ್ಯಾಸಿಗಳಿಗೆ ಅವೇ ಅನುಕೂಲ.

ಬೆಳ್ಳಂದೂರಿನ ನೆಲ ಮತ್ತು ಹೆಣ್ಣುಮಕ್ಕಳ ಹಕ್ಕು

ಈ ಪ್ರಶ್ನೆ ಎಲ್ಲೆಡೆ ಹುಟ್ಟಬಹುದಾದರೂ ಬೆಳ್ಳಂದೂರಿನಂಥ ಕಡೆ ಹೆಚ್ಚು ತೀವ್ರವಾಗಿ ಹುಟ್ಟುತ್ತದೆ. ಬೆಂಗಳೂರಿನ ಅತಿ ದೊಡ್ಡ ಕೆರೆಯೆನಿಸಿದ ಬೆಳ್ಳಂದೂರು ಕೆರೆಯ ನೀರನ್ನು ನೆಚ್ಚಿ ಇಲ್ಲಿ ಬೇಸಾಯ ನಡೆಯುತ್ತಿತ್ತು. ಹೊರವರ್ತುಲ ರಸ್ತೆ ಬಂದು, ಅದರ ಇಕ್ಕೆಲಗಳಲ್ಲಿ ತಂತ್ರಾಂಶ ಸಂಸ್ಥೆಗಳು ತಲೆಯೆತ್ತಿದ ಮೇಲೆ ಪಹಣಿಯಲ್ಲಿ ಗುಂಟೆಯ ಲೆಕ್ಕದಲ್ಲಿದ್ದ ನೆಲ ಚದರಡಿಯ ಲೆಕ್ಕಕ್ಕೆ ಇಳಿಯಿತು. ಇಬ್ಬಲೂರು, ಅಂಬಲೀಪುರ, ಹರಳೂರು, ಕಸವನಹಳ್ಳಿ, ದೇವರಬೀಸನಹಳ್ಳಿಗಳ ಕಥೆಯೂ ಇದೇ. ತೆರಿಗೆ ದಾಖಲೆಗಳನ್ನು ಗಣಕಯಂತ್ರಕ್ಕೆ ಅಳವಡಿಸಿಕೊಂಡು ಹೆಸರು ಪಡೆದಿದ್ದ ಬೆಳ್ಳಂದೂರು ಗ್ರಾಮ ಪಂಚಾಯಿತಿಯ ಪ್ರದೇಶವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2025ರಲ್ಲಿ ಆ ಪಾಲಿಕೆಯೂ ಐದು ನಗರ ಪಾಲಿಕೆಗಳಾಗಿ ವಿಂಗಡಣೆಗೊಂಡಿತು.

ನೆಲದ ಬೆಲೆ ಏರುತ್ತಿದ್ದ ಕಾಲದಲ್ಲಿಯೇ ನೆಲದ ಮೇಲೆ ಹೆಣ್ಣುಮಕ್ಕಳ ಹಕ್ಕೂ ಬಲಗೊಳ್ಳುತ್ತ ಬಂತೆಂಬುದು ಗಮನಾರ್ಹ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳನ್ನು ಕುರಿತ ಕಾಯಿದೆಯೊಂದನ್ನು ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣಿನ ಸ್ವಾಧೀನದಲ್ಲಿರುವ ಸ್ವತ್ತಿಗೆ ಅವಳನ್ನು ಪೂರ್ಣ ಒಡತಿಯನ್ನಾಗಿ ಮಾಡಿತು. ಈ ಕಾಯಿದೆಯ 2ನೆಯ ಕಲಮು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿದೆ. ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ತಂದ ತಿದ್ದುಪಡಿಯು ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಹಕ್ಕನ್ನು ಮದುವೆಯಾದವರಿಗೂ ವಿಸ್ತರಿಸಿತು. ತಂದೆ ಆ ದಿನ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಹೀಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ತುಂಡು ನೆಲವೋ, ವಿಭಾಗದಲ್ಲಿ ಬಂದ ಪಾಲೋ, ಹೆಣ್ಣಿನ ಹೆಸರಿನಲ್ಲಿ ಖಾತೆಯಾಗಿ ನಿಂತಿರುತ್ತದೆ. ಅಳಿಯನ ಕೈಯಲ್ಲಿ ಕಸುಬಿದೆ, ಆದರೆ ನೆಲವಿಲ್ಲ. ಹೊರಗೆ ಬಾಡಿಗೆ ದುಬಾರಿ. ‘ನಮ್ಮ ಜಾಗವೇ ಇದೆಯಲ್ಲ’ ಎಂದು ಮಡದಿ ಹೇಳುತ್ತಾಳೆ, ಕಟ್ಟಡ ಏಳುತ್ತದೆ. ಕಾಗದಪತ್ರದ ಮಾತು ಆಗ ಯಾರ ಮನಸ್ಸಿಗೂ ಬರುವುದಿಲ್ಲ.

ನೆಲ ಮತ್ತು ಕಟ್ಟಡ: ಒಡೆತನ ಒಂದೋ, ಎರಡೋ?

ಇಂಗ್ಲೆಂಡಿನ ಹಳೆಯ ನ್ಯಾಯತತ್ತ್ವದ ಪ್ರಕಾರ ನೆಲಕ್ಕೆ ಅಂಟಿದುದೆಲ್ಲ ನೆಲದೊಡನೆಯೇ ಹೋಗುತ್ತದೆ. ಆ ತತ್ತ್ವ ಇಲ್ಲಿಯೂ ಪೂರ್ಣವಾಗಿ ಅನ್ವಯಿಸುವುದಾಗಿದ್ದರೆ ಗಂಡ ಕಟ್ಟಿದ ಕಟ್ಟಡ ಕಟ್ಟಿದ ಕ್ಷಣವೇ ಹೆಂಡತಿಯದಾಗುತ್ತಿತ್ತು. ಆದರೆ ಭಾರತದ ರೂಢಿ ಹಾಗಿಲ್ಲ. 1866ರಲ್ಲಿಯೇ ಕಲ್ಕತ್ತಾ ಉಚ್ಚ ನ್ಯಾಯಾಲಯದ ಪೂರ್ಣಪೀಠವು, ಕೇವಲ ನೆಲಕ್ಕೆ ಅಂಟಿಕೊಂಡಿರುವ ಕಾರಣದಿಂದ ಕಟ್ಟಡವು ನೆಲದ ಒಡೆಯನ ಸ್ವತ್ತಾಗುವುದು ಈ ದೇಶದ ಆಚಾರವಲ್ಲವೆಂದು ತೀರ್ಮಾನಿಸಿತು. ಸರ್ವೋಚ್ಚ ನ್ಯಾಯಾಲಯವೂ 1958ರ ಧೈರ್ಯವಾನ್ ಮೊಕದ್ದಮೆಯಲ್ಲಿ ನೆಲದ ಒಡೆತನ ಒಬ್ಬರಲ್ಲಿ, ಅದರ ಮೇಲಿನ ಕಟ್ಟಡದ ಒಡೆತನ ಇನ್ನೊಬ್ಬರಲ್ಲಿ ಇರಬಹುದೆಂಬ ನಿಲುವನ್ನೇ ಎತ್ತಿಹಿಡಿಯಿತು.

ಬೇರೆ ಕಾಯಿದೆಗಳೂ ಇದೇ ದಾರಿಯಲ್ಲಿ ನಡೆದಿವೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಮೇರೆಗೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಗೇಣಿದಾರನು ತಾನು ನೆಲಕ್ಕೆ ಕೂಡಿಸಿದ್ದನ್ನು ಸ್ವಾಧೀನ ಬಿಡುವ ಮುನ್ನ ತೆಗೆದುಕೊಂಡು ಹೋಗಬಹುದು. ನೆಲವನ್ನು ಮಾತ್ರ ತಾನು ಪಡೆದಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ಅದೇ ವರ್ಷದ ಈಸ್‌ಮೆಂಟ್ಸ್ ಕಾಯಿದೆಯ 60ನೆಯ ಕಲಮು, ಒಡೆಯನ ಅನುಮತಿಯನ್ನು ನಂಬಿ ಶಾಶ್ವತ ಸ್ವರೂಪದ ಕಟ್ಟಡವನ್ನು ಸ್ವಂತ ಖರ್ಚಿನಿಂದ ಕಟ್ಟಿದವನಿಗೆ ಕೊಟ್ಟ ಅನುಮತಿಯನ್ನು ಮನಬಂದಂತೆ ಹಿಂತೆಗೆದುಕೊಳ್ಳಲಾಗದೆಂದು ಹೇಳುತ್ತದೆ.

ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ಹೀಗಿದೆ: ಕಟ್ಟಡ ಯಾರದೆಂಬುದನ್ನು ನೆಲದ ಖಾತೆಯೊಂದೇ ನಿರ್ಧರಿಸುವುದಿಲ್ಲ. ಯಾರ ಹಣದಿಂದ, ಯಾವ ಒಪ್ಪಂದದ ಮೇಲೆ, ಯಾರ ಉಪಯೋಗಕ್ಕಾಗಿ ಕಟ್ಟಲಾಯಿತು ಎಂಬುದನ್ನು ನೋಡಬೇಕು. ಆದರೆ ‘ನೋಡಬೇಕು’ ಎಂದ ಮೇಲೆ ನೋಡಲು ಏನಾದರೂ ಇರಬೇಕಷ್ಟೆ. ಮನೆಯ ಜಗಲಿಯಲ್ಲಿ ಆಡಿದ ಮಾತು ಅಧಿಕಾರಿಯ ಮೇಜಿನ ಮೇಲೆ ಕಾಣಿಸದು.

ಸವಕಳಿ ಮತ್ತು ಮೈಸೂರು ಮಿನರಲ್ಸ್ ತೀರ್ಪು

ವ್ಯಾಪಾರಕ್ಕೆ ಬಳಸುವ ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆ ಸವೆತದ ಅಂದಾಜನ್ನು ಲಾಭದಿಂದ ಕಳೆಯಲು 32ನೆಯ ಕಲಮು ಅವಕಾಶ ನೀಡುತ್ತದೆ. ಇದಕ್ಕೆ ಎರಡು ನಿಬಂಧನೆಗಳುಂಟು: ಕಟ್ಟಡವು ಪೂರ್ಣವಾಗಿಯೋ ಭಾಗಶಃವೋ ತೆರಿಗೆದಾರನ ಒಡೆತನದಲ್ಲಿರಬೇಕು ಮತ್ತು ಅವನ ವ್ಯಾಪಾರಕ್ಕೆ ಬಳಕೆಯಾಗಬೇಕು. ವಾಸಕ್ಕಲ್ಲದ ಸಾಮಾನ್ಯ ಕಟ್ಟಡಗಳಿಗೆ ಸವಕಳಿಯ ದರ ಶೇಕಡ 10. ತೀರ ತಾತ್ಕಾಲಿಕವಾದ ಮರದ ಕಟ್ಟಣೆ ಮುಂತಾದುವಕ್ಕೆ ಶೇಕಡ 40. ನೆಲಕ್ಕೆ ಸವಕಳಿಯಿಲ್ಲ, ಕಟ್ಟಡದ ಬೆಲೆಯೊಳಗೆ ನೆಲದ ಬೆಲೆಯನ್ನು ಸೇರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 1967ರ ಆಲ್ಪ್ಸ್ ಥಿಯೇಟರ್ ಮೊಕದ್ದಮೆಯಲ್ಲಿ ಹೇಳಿದೆ.

‘ಒಡೆತನ’ ಎಂದರೇನು ಎಂಬ ಪ್ರಶ್ನೆಗೆ ದೇಶಕ್ಕೆಲ್ಲ ದಾರಿ ತೋರಿದ ತೀರ್ಪು ನಮ್ಮ ರಾಜ್ಯದ ಮೊಕದ್ದಮೆಯೊಂದರಿಂದಲೇ ಬಂದುದು ವಿಶೇಷ. ಕರ್ನಾಟಕ ಸರ್ಕಾರದ ಸಂಸ್ಥೆಯಾದ ಮೈಸೂರು ಮಿನರಲ್ಸ್ ತನ್ನ ನೌಕರರಿಗಾಗಿ ಗೃಹಮಂಡಳಿಯಿಂದ ಏಳು ಮನೆಗಳನ್ನು ಪಡೆದಿತ್ತು. ಹಣ ಸಂದಿತ್ತು, ಸ್ವಾಧೀನವೂ ದೊರೆತಿತ್ತು; ಕ್ರಯಪತ್ರ ಮಾತ್ರ ಆಗಿರಲಿಲ್ಲ. ಪತ್ರವಿಲ್ಲದವನು ಒಡೆಯನಲ್ಲವೆಂದು ಇಲಾಖೆ 1981–82ರ ಕರನಿರ್ಧಾರ ವರ್ಷದ ಸವಕಳಿಯನ್ನು ನಿರಾಕರಿಸಿತು. ಉಚ್ಚ ನ್ಯಾಯಾಲಯದಲ್ಲಿಯೂ ಸಂಸ್ಥೆಗೆ ಜಯ ಸಿಗಲಿಲ್ಲ. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಲುವನ್ನು ಬದಲಿಸಿತು. ಸವಕಳಿಯ ಉದ್ದೇಶವೇ ಬಂಡವಾಳ ಹಾಕಿ, ಸ್ವತ್ತನ್ನು ಬಳಸಿ, ಅದರ ಸವೆತವನ್ನು ಹೊರುವವನಿಗೆ ಪರಿಹಾರ ಕೊಡುವುದು. ಆದುದರಿಂದ ತನ್ನ ಹಕ್ಕಿನಿಂದಲೇ ಸ್ವತ್ತನ್ನು ಅನುಭವಿಸುತ್ತ, ಇತರರನ್ನು ಅದರಿಂದ ದೂರವಿಡುವ ಅಧಿಕಾರವುಳ್ಳವನು ಈ ಕಲಮಿನ ಮಟ್ಟಿಗೆ ಒಡೆಯನೇ ಸರಿ ಎಂಬುದು ಆ ತೀರ್ಪಿನ ಸಾರ.

ಇದನ್ನು ಮೇಲಿನ ಪ್ರಶ್ನೆಗೆ ಅನ್ವಯಿಸಿದರೆ ದಾರಿ ತಿಳಿಯಾಗುತ್ತದೆ. ಗಂಡನು ತನ್ನ ಬಂಡವಾಳದಿಂದ ಕಟ್ಟಿ, ತನ್ನ ಲೆಕ್ಕದ ಪುಸ್ತಕದಲ್ಲಿ ಕಟ್ಟಡವನ್ನು ಸ್ವತ್ತಾಗಿ ತೋರಿಸಿ, ತಾನೇ ಬಳಸುತ್ತಿದ್ದು, ಹೆಂಡತಿಯೂ ಅದನ್ನು ಒಪ್ಪಿದ್ದರೆ ಕಟ್ಟಡದ ಸವಕಳಿಗೆ ಅವನು ಹಕ್ಕುದಾರ. ಸ್ವಂತ ವ್ಯಾಪಾರಕ್ಕೆ ಬಳಸುವ ಕಟ್ಟಡವಾದುದರಿಂದ 22ನೆಯ ಕಲಮಿನ ಮೇರೆಗೆ ಅದರ ವಾರ್ಷಿಕ ಮೌಲ್ಯದ ಮೇಲೆ ಅವನಿಗೆ ತೆರಿಗೆಯೂ ಬೀಳುವುದಿಲ್ಲ. ಆ ಕಲಮು ತೆರಿಗೆ ಹಾಕುವುದು ಕಟ್ಟಡಕ್ಕೂ ಅದಕ್ಕೆ ಹೊಂದಿದ ನೆಲಕ್ಕೂ ಹೊರತು ಬರಿಯ ನೆಲಕ್ಕಲ್ಲ; ಆದುದರಿಂದ ಬಾಡಿಗೆ ಪಡೆಯದ ಹೆಂಡತಿಗೆ ಊಹೆಯ ಆದಾಯವನ್ನು ಹೊರಿಸುವಂತಿಲ್ಲ.

ಇದಕ್ಕೆ ಪ್ರತಿಯಾದ ಸನ್ನಿವೇಶವೂ ಉಂಟು. ಮದ್ರಾಸ್ ಆಟೋ ಸರ್ವೀಸ್ ಮೊಕದ್ದಮೆಯಲ್ಲಿ 39 ವರ್ಷಗಳ ಗೇಣಿಗೆ ಜಾಗ ಪಡೆದ ಸಂಸ್ಥೆಯೊಂದು ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ತನ್ನ ಖರ್ಚಿನಲ್ಲಿ ಕಟ್ಟಿತು. ಕರಾರಿನ ಪ್ರಕಾರ ಹೊಸ ಕಟ್ಟಡ ಮೊದಲ ದಿನದಿಂದಲೇ ಜಾಗದ ಒಡೆಯರದು. ಸಂಸ್ಥೆಗೆ ಸಿಕ್ಕ ಲಾಭ ಕಡಿಮೆ ಬಾಡಿಗೆ ಮಾತ್ರ. ಸ್ವತ್ತು ತನ್ನದಲ್ಲದ ಮೇಲೆ ಆ ವೆಚ್ಚ ಬಂಡವಾಳದ ವೆಚ್ಚವಲ್ಲ, ವ್ಯಾಪಾರದ ಚಾಲ್ತಿ ವೆಚ್ಚವೆಂದು 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ಹಳೆಯ ವರ್ಷಗಳ ಮೊಕದ್ದಮೆ. 1988ರಿಂದ 32ನೆಯ ಕಲಮಿಗೆ ಸೇರಿದ ವಿವರಣೆಯೊಂದರ ಪ್ರಕಾರ, ಇತರರ ಕಟ್ಟಡದಲ್ಲಿ ಗೇಣಿಯ ಹಕ್ಕಿನಿಂದಿರುವವನು ಅದನ್ನು ವಿಸ್ತರಿಸಲು ಅಥವಾ ಉತ್ತಮಪಡಿಸಲು ಮಾಡಿದ ಬಂಡವಾಳ ವೆಚ್ಚಕ್ಕೂ ತಾನೇ ಒಡೆಯನೋ ಎಂಬಂತೆ ಸವಕಳಿ ಪಡೆಯುತ್ತಾನೆ. ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿದಾಗ ಒಂದು ಪಾಠ ಮನದಟ್ಟಾಗುತ್ತದೆ: ಫಲವನ್ನು ನಿರ್ಧರಿಸಿದ್ದು ಇಟ್ಟಿಗೆ ಗಾರೆಗಳಲ್ಲ, ಪಕ್ಷಗಳ ನಡುವಣ ಒಪ್ಪಂದ.

ಮೂರು ಬಗೆಯ ವ್ಯವಸ್ಥೆ

ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬೆಳ್ಳಂದೂರಿನಲ್ಲಿ ಗೃಹಿಣಿಯೊಬ್ಬಳಿಗೆ ತಂದೆಯಿಂದ ಬಂದ ನಿವೇಶನವಿದೆ. ಆಕೆಯ ಪತಿ ವಾಹನ ದುರಸ್ತಿಯ ಕಸುಬಿನವನು. 40,00,000 ರೂಪಾಯಿ ವೆಚ್ಚದ ಕಾರ್ಯಾಗಾರವೊಂದು ಅಲ್ಲಿ ಏಳಬೇಕಾಗಿದೆ. ಇದನ್ನು ಮೂರು ರೀತಿಗಳಲ್ಲಿ ಏರ್ಪಡಿಸಬಹುದು.

ಮೊದಲನೆಯದು, ಹೆಂಡತಿಯ ಲಿಖಿತ ಅನುಮತಿಯ ಮೇಲೆ ಗಂಡನೇ ಕಟ್ಟಿ, ನೆಲಕ್ಕೆ ಬಾಡಿಗೆ ಕೊಡದಿರುವುದು. ಮೊದಲ ವರ್ಷದ ಸವಕಳಿ 4,00,000. ಎರಡನೆಯ ವರ್ಷ ಉಳಿದ 36,00,000ಕ್ಕೆ 3,60,000. ಮೂರನೆಯ ವರ್ಷ 3,24,000. ಮೂರು ವರ್ಷ ಕಳೆದಾಗ ಪುಸ್ತಕದಲ್ಲಿ ಉಳಿಯುವ ಬೆಲೆ 29,16,000 ರೂಪಾಯಿ. ಮೊದಲ ವರ್ಷದಲ್ಲಿ ಕಟ್ಟಡದ ಬಳಕೆ 180 ದಿನಗಳಿಗೆ ಕಡಿಮೆಯಾಗಿದ್ದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಸರಳವಾದ ಈ ವ್ಯವಸ್ಥೆಯಲ್ಲಿ ಹೆಂಡತಿಗೆ ಯಾವ ಆದಾಯವೂ ಇಲ್ಲ. ಅವಳ ನೆಲ ಅವಳಿಗೆ ಏನನ್ನೂ ತರದೆ ಕಟ್ಟಡವನ್ನು ಹೊತ್ತಿರುತ್ತದೆ.

ಎರಡನೆಯದು, ನೆಲವನ್ನು ಗೇಣಿಗೆ ಪಡೆದು ಗಂಡ ಕಟ್ಟುವುದು. ನೆಲಬಾಡಿಗೆ ಅವನ ವ್ಯಾಪಾರದ ಖರ್ಚು. ಹೆಂಡತಿಗೆ ಅದು ‘ಇತರ ಮೂಲಗಳ ಆದಾಯ’. ಕಟ್ಟಡದ ಬಾಡಿಗೆಗೆ ಸಿಗುವ ಶೇಕಡ 30ರ ವಿನಾಯಿತಿ ಬರಿಯ ನೆಲದ ಬಾಡಿಗೆಗೆ ಸಿಗದು. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ. ನೆಲಬಾಡಿಗೆಯ ಜತೆಗೆ ಕಟ್ಟಡದ ಸವಕಳಿಯೂ ಗಂಡನಿಗೆ ದೊರೆಯುತ್ತದೆ.

ಮೂರನೆಯದು, ಹೆಂಡತಿಯೇ ತನ್ನ ಹಣದಿಂದಲೋ ತನ್ನ ಹೆಸರಿನ ಬ್ಯಾಂಕ್ ಸಾಲದಿಂದಲೋ ಕಟ್ಟಿಸಿ ಗಂಡನಿಗೆ ಬಾಡಿಗೆಗೆ ಕೊಡುವುದು. ತಿಂಗಳಿಗೆ 40,000ದಂತೆ ವರ್ಷದ ಬಾಡಿಗೆ 4,80,000 ಎಂದಿಟ್ಟುಕೊಂಡರೆ ಅಷ್ಟೂ ಗಂಡನಿಗೆ ಖರ್ಚು. ಹೆಂಡತಿಗೆ ಅದು ಗೃಹಸ್ವತ್ತಿನ ಆದಾಯ. ಕಟ್ಟಡದ ಕಂದಾಯವನ್ನು ಕಳೆಯುವ ಮುನ್ನವೇ ಶೇಕಡ 30 ತೆಗೆದರೆ ಉಳಿಯುವುದು 3,36,000. ಸಾಲದ ಬಡ್ಡಿಯಿದ್ದರೆ ಅದೂ ಕಳೆಯುತ್ತದೆ. 2025–26ರ ಹೊಸ ಪದ್ಧತಿಯಲ್ಲಿ ಮೊದಲ 4,00,000 ರೂಪಾಯಿಗೆ ತೆರಿಗೆಯಿಲ್ಲವಾದುದರಿಂದ, ಬೇರೆ ಆದಾಯವಿಲ್ಲದ ಗೃಹಿಣಿಗೆ ತೆರಿಗೆ ಬಾರದು. ಇಲ್ಲಿ ಸವಕಳಿ ಮಾತ್ರ ಇಬ್ಬರಿಗೂ ಇಲ್ಲ: ಗಂಡ ಒಡೆಯನಲ್ಲ, ಹೆಂಡತಿ ವ್ಯಾಪಾರ ಮಾಡುವವಳಲ್ಲ.

ಬಾಡಿಗೆಯ ವ್ಯವಸ್ಥೆಗಳೆರಡಕ್ಕೂ ಕೆಲವು ಎಚ್ಚರಿಕೆಗಳು ಸಲ್ಲುತ್ತವೆ. ಸಂಬಂಧಿಕರಿಗೆ ಕೊಟ್ಟ ಬಾಡಿಗೆ ಸುತ್ತಮುತ್ತಲಿನ ದರಕ್ಕಿಂತ ಅತಿಯಾದರೆ ಹೆಚ್ಚಿನ ಭಾಗವನ್ನು 40ಎ(2) ಕಲಮಿನ ಮೇರೆಗೆ ಅಧಿಕಾರಿ ತಳ್ಳಿಹಾಕಬಹುದು. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಮೂಲದಲ್ಲಿಯೇ ತೆರಿಗೆ ಕಡಿತ ಮಾಡಬೇಕು: ಗಂಡನ ಹಿಂದಿನ ವರ್ಷದ ವಹಿವಾಟು 1 ಕೋಟಿಗೆ ಮೀರಿದ್ದರೆ ಶೇಕಡ 10, ಇಲ್ಲವಾದರೆ 2024ರ ಅಕ್ಟೋಬರ್‌ನಿಂದ ಶೇಕಡ 2. ಗಂಡನು ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಾಯಿತನಾಗಿ, ಹೆಂಡತಿ ನೋಂದಾಯಿತಳಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಆ ಬಾಡಿಗೆಯ ಮೇಲಿನ ತೆರಿಗೆಯನ್ನು ಸಾಮಾನ್ಯವಾಗಿ ಗಂಡನೇ ಕಟ್ಟಬೇಕು. ರಾಜಿ ತೆರಿಗೆ ಪದ್ಧತಿಯವರಿಗೆ ಇದರಿಂದ ವಿನಾಯಿತಿಯಿದೆ.

ಸಣ್ಣ ವ್ಯಾಪಾರಿಗಳು ಇನ್ನೊಂದನ್ನು ಅರಿಯಬೇಕು. ವಹಿವಾಟಿನ ಶೇಕಡವಾರಿನ ಮೇಲೆ ಲಾಭವನ್ನು ಒಪ್ಪಿಕೊಳ್ಳುವ 44ಎಡಿ ಪದ್ಧತಿಯನ್ನು ಆರಿಸಿಕೊಂಡವರಿಗೆ ಸವಕಳಿಯೂ ಬಾಡಿಗೆಯೂ ಆ ಲಾಭದೊಳಗೇ ಕಳೆದುಹೋದಂತೆ ಲೆಕ್ಕ. ಅವರಿಗೆ ಈ ಮೂರು ವ್ಯವಸ್ಥೆಗಳ ನಡುವಣ ತೆರಿಗೆಯ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ.

ದಾನ ಮತ್ತು ಆದಾಯದ ಕೂಡಿಕೆ

‘ಮೂರನೆಯ ವ್ಯವಸ್ಥೆಯಲ್ಲಿ ತೆರಿಗೆಯೇ ಇಲ್ಲವಲ್ಲ, ಗಂಡನೇ ಹೆಂಡತಿಗೆ 40 ಲಕ್ಷ ಕೊಟ್ಟು ಅವಳ ಹೆಸರಿನಲ್ಲಿ ಕಟ್ಟಿಸಿದರಾಯಿತು’ ಎಂಬ ಆಲೋಚನೆ ಸಹಜವಾಗಿ ಹುಟ್ಟುತ್ತದೆ. ಕಾಯಿದೆ ಇದನ್ನು ಮುಂಚೆಯೇ ಊಹಿಸಿದೆ. ಗಂಡ ಹೆಂಡಿರ ನಡುವಣ ದಾನಕ್ಕೆ ತೆರಿಗೆಯಿಲ್ಲ, ನಿಜ. ಆದರೆ ತಕ್ಕ ಪ್ರತಿಫಲವಿಲ್ಲದೆ ಸಂಗಾತಿಗೆ ನೇರವಾಗಿಯೋ ಬಳಸುದಾರಿಯಿಂದಲೋ ವರ್ಗಾಯಿಸಿದ ಸ್ವತ್ತಿನ ಆದಾಯವು 64ನೆಯ ಕಲಮಿನ ಮೇರೆಗೆ ಕೊಟ್ಟವರ ಆದಾಯಕ್ಕೇ ಕೂಡುತ್ತದೆ. ನಗದನ್ನು ದಾನಮಾಡಿ, ಆ ನಗದಿನಿಂದ ಹೆಂಡತಿ ಷೇರು ಕೊಂಡು ಠೇವಣಿ ಇಟ್ಟಾಗಲೂ ಆದಾಯ ಗಂಡನದೇ ಎಂದು 1972ರಲ್ಲಿ ವರದಿಯಾದ ಮೋಹಿನಿ ಥಾಪರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಹಾಗೆಯೇ ಗಂಡನ ದಾನದ ಹಣದಿಂದ ಎದ್ದ ಕಟ್ಟಡದ ಬಾಡಿಗೆಯೂ ಗಂಡನ ಲೆಕ್ಕಕ್ಕೇ ಹಿಂದಿರುಗುತ್ತದೆ. ದಾನದ ಬದಲು ಲಿಖಿತ ಕರಾರಿನ ಮೇಲೆ ನ್ಯಾಯವಾದ ಬಡ್ಡಿಗೆ ಸಾಲ ಕೊಟ್ಟು, ಹೆಂಡತಿ ಬಾಡಿಗೆಯಿಂದ ಅದನ್ನು ತೀರಿಸುತ್ತ ಬಂದರೆ ಆ ತೊಡಕಿಲ್ಲ. ಬಡ್ಡಿ ಮಾತ್ರ ಗಂಡನ ಆದಾಯವಾಗುತ್ತದೆ.

ಇದರ ವಿರುದ್ಧ ದಿಕ್ಕಿನ ಸಲಹೆಯೂ ಕೇಳಿಬರುವುದುಂಟು: ಹೆಂಡತಿ ನೆಲವನ್ನೇ ಗಂಡನಿಗೆ ದಾನಪತ್ರದ ಮೂಲಕ ಬಿಟ್ಟುಕೊಟ್ಟರೆ ಎಲ್ಲವೂ ಒಂದೇ ಹೆಸರಿಗೆ ಬಂದು ತೊಡಕು ತೀರುತ್ತದೆಂಬುದು. ಕೂಡಿಕೆಯ ನಿಯಮ ಗಂಡಿಗೂ ಹೆಣ್ಣಿಗೂ ಒಂದೇ. ದಾನ ಪಡೆದ ನೆಲದಿಂದ ಬರುವ ಆದಾಯ ದಾನಕೊಟ್ಟ ಹೆಂಡತಿಗೇ ಕೂಡುವುದು. ಆದರೆ ಇಲ್ಲಿಯ ನಿಜವಾದ ನಷ್ಟ ತೆರಿಗೆಯದಲ್ಲ. ತಂದೆ ಮಗಳ ಆಪತ್ತಿಗೆಂದು ಇಟ್ಟ ಆಸರೆ ಒಂದು ಸಹಿಯಿಂದ ಕೈಬಿಡುತ್ತದೆ. ಕಟ್ಟಡವನ್ನು ಕಾಪಾಡಲು ನೆಲವನ್ನೇ ಕೊಡಬೇಕಾದ ಅಗತ್ಯ ಯಾವ ಕಾಯಿದೆಯಲ್ಲಿಯೂ ಇಲ್ಲ.

ಸಾಲ, ಮಾರಾಟ, ಉತ್ತರಾಧಿಕಾರ

ತೆರಿಗೆಯ ಉಳಿತಾಯ ವರ್ಷಕ್ಕೊಮ್ಮೆ ಕಾಣುವ ಲಾಭ. ಬಾಳಿನಲ್ಲಿ ಒಮ್ಮೆಯೋ ಎರಡು ಬಾರಿಯೋ ಬರುವ ಪ್ರಸಂಗಗಳಲ್ಲಿ ಈ ವ್ಯವಸ್ಥೆಯ ಗಟ್ಟಿತನ ಪರೀಕ್ಷೆಗೊಳಗಾಗುತ್ತದೆ.

ಮೊದಲನೆಯದು ಬ್ಯಾಂಕ್ ಸಾಲ. ಕಟ್ಟಡವೊಂದನ್ನೇ ಆಧಾರವಾಗಿ ಒಪ್ಪುವ ಬ್ಯಾಂಕ್ ವಿರಳ. ನೆಲದ ಮೂಲಪತ್ರಗಳನ್ನು ಹೆಂಡತಿಯಿಂದ ಇಡಿಸಿಕೊಂಡು, ಅವಳ ಜಾಮೀನನ್ನೂ ಪಡೆಯುತ್ತದೆ. ವ್ಯಾಪಾರ ಸೋತರೆ ಮೊದಲು ಹೋಗುವುದು ಅವಳ ನೆಲ. ಸಾಲದ ಬಡ್ಡಿ ಗಂಡನ ವ್ಯಾಪಾರಕ್ಕೆ ಖರ್ಚಾಗುತ್ತದೆ. ಕಟ್ಟಡ ಬಳಕೆಗೆ ಬರುವ ಮುಂಚಿನ ಬಡ್ಡಿ ಕಟ್ಟಡದ ಬೆಲೆಗೆ ಸೇರುತ್ತದೆ. ಆದರೆ ಸಹಿ ಹಾಕುವ ಮುನ್ನ ಹೆಂಡತಿಗೆ ಈ ಹೊಣೆಯ ಅರ್ಥವನ್ನು ತಿಳಿಯಹೇಳುವುದು ನ್ಯಾಯ.

ಎರಡನೆಯದು ಮಾರಾಟ. ನೆಲ, ಕಟ್ಟಡಗಳನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಎರಡು ಬೇರೆ ಸ್ವತ್ತುಗಳೆಂದು ಎಣಿಸಬಹುದೆಂಬುದನ್ನು ಕರ್ನಾಟಕ ಉಚ್ಚ ನ್ಯಾಯಾಲಯವೂ ಒಪ್ಪಿದೆ. ನೆಲದ ಬೆಲೆ ಹೆಂಡತಿಯದು. 24 ತಿಂಗಳಿಗೆ ಮೀರಿ ಅವಳ ಬಳಿ ಇದ್ದುದರಿಂದ ಅದು ದೀರ್ಘಾವಧಿಯ ಲಾಭ. 2024ರ ಜುಲೈ 23ರ ಅನಂತರದ ಮಾರಾಟಕ್ಕೆ ಅದರ ತೆರಿಗೆ ಶೇಕಡ 12.5. ಆ ದಿನಕ್ಕೆ ಮುಂಚೆ ಪಡೆದ ನೆಲವಾಗಿದ್ದರೆ ಬೆಲೆಯೇರಿಕೆಯ ಸೂಚ್ಯಂಕದೊಡನೆ ಶೇಕಡ 20ರ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದುದನ್ನು ಕೊಡುವ ಅನುಕೂಲವನ್ನು ಕಾಯಿದೆ ಕೊಟ್ಟಿದೆ. ಕಟ್ಟಡದ ಬೆಲೆ ಗಂಡನದು. ಸವಕಳಿ ಪಡೆದ ಸ್ವತ್ತಾದುದರಿಂದ ಎಷ್ಟು ವರ್ಷಗಳಾಗಿದ್ದರೂ 50ನೆಯ ಕಲಮಿನ ಮೇರೆಗೆ ಅದರ ಲಾಭ ಅಲ್ಪಾವಧಿಯದೆನಿಸುತ್ತದೆ. ಕ್ರಯಪತ್ರದಲ್ಲಿ ಎರಡಕ್ಕೂ ಒಂದೇ ಮೊತ್ತ ಬರೆದು, ಹಣವೆಲ್ಲ ಒಬ್ಬರ ಖಾತೆಗೆ ಹೋದರೆ ಯಾರ ಲಾಭ ಎಷ್ಟೆಂಬುದನ್ನು ಆಮೇಲೆ ತೋರಿಸುವುದು ದುಸ್ತರ. ರಸ್ತೆ ಮುಂತಾದ ಸಾರ್ವಜನಿಕ ಕೆಲಸಕ್ಕೆ ಜಾಗ ಸ್ವಾಧೀನವಾದಾಗ ಪರಿಹಾರದ ಹಂಚಿಕೆಗೂ ಇದೇ ಮಾತು ಸಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. ಹೆಂಡತಿ ಮರಣಶಾಸನ ಬರೆಯದೆ ಕಾಲವಾದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೆಯ ಕಲಮಿನ ಪ್ರಕಾರ ಅವಳ ಸ್ವತ್ತು ಮೊದಲು ಮಕ್ಕಳಿಗೂ ಗಂಡನಿಗೂ ಸಮನಾಗಿ ಸೇರುತ್ತದೆ. ಮಕ್ಕಳೂ ಮೊಮ್ಮಕ್ಕಳೂ ಇಲ್ಲದಿದ್ದಲ್ಲಿ, ತಂದೆ ತಾಯಿಯರಿಂದ ಉತ್ತರಾಧಿಕಾರವಾಗಿ ಬಂದ ನೆಲವು ಗಂಡನಿಗೆ ಬರದೆ ಅವಳ ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆ. ತಂದೆ ಬದುಕಿದ್ದಾಗಲೇ ದಾನಪತ್ರದ ಮೂಲಕ ಕೊಟ್ಟ ನೆಲಕ್ಕೆ ಈ ವಿಶೇಷ ನಿಯಮ ಅನ್ವಯಿಸದು. ಒಂದೇ ನೆಲ, ಬಂದ ದಾರಿ ಬೇರೆಯಾದರೆ ಹೋಗುವ ದಾರಿಯೂ ಬೇರೆ. ಇಪ್ಪತ್ತು ವರ್ಷ ದುಡಿದು ಕಟ್ಟಿದ ಕಾರ್ಯಾಗಾರ ಒಂದು ಬೆಳಗ್ಗೆ ಮಡದಿಯ ಸೋದರರ ನೆಲದ ಮೇಲೆ ನಿಂತಿರುವುದನ್ನು ಗಂಡ ಕಾಣಬೇಕಾಗಬಹುದು. ನೋಂದಾಯಿತ ಗೇಣಿಪತ್ರವಿದ್ದರೆ ಅವಧಿ ಮುಗಿಯುವವರೆಗೆ ಅದು ಅವರನ್ನೂ ಕಟ್ಟುತ್ತದೆ. ಬರಿಯ ಬಾಯಿಮಾತಾದರೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು ನ್ಯಾಯಾಲಯದ ಎರಡು ಬದಿಗಳಲ್ಲಿ ನಿಲ್ಲಬೇಕಾಗುತ್ತದೆ. ಇದರಂತೆಯೇ ಗಂಡ ಮೊದಲು ಕಾಲವಾದರೆ, ಕಟ್ಟಡದಲ್ಲಿ ಅವನ ತಾಯಿಯೂ ಮಕ್ಕಳೂ ಪಾಲುದಾರರಾಗುತ್ತಾರೆಂಬುದನ್ನು ಹೆಂಡತಿ ಅರಿತಿರಬೇಕು.

ಬರಹದಲ್ಲಿ ಇರಬೇಕಾದುವು

ಮೇಲಿನ ವಿವೇಚನೆಯಿಂದ ಹೊರಡುವ ವ್ಯಾವಹಾರಿಕ ಸೂಚನೆಗಳನ್ನು ಹೀಗೆ ಸಂಗ್ರಹಿಸಬಹುದು:

1. ಕಟ್ಟುವ ಮುನ್ನವೇ ಗಂಡ ಹೆಂಡಿರ ನಡುವೆ ಅನುಮತಿಪತ್ರ ಅಥವಾ ಗೇಣಿಪತ್ರವಾಗಬೇಕು. ಕಟ್ಟಡ ಯಾರ ಹಣದ್ದು, ಯಾರ ಸ್ವತ್ತು, ಎಷ್ಟು ಕಾಲಕ್ಕೆ, ಅವಧಿ ತೀರಿದ ಮೇಲೆ ಅದನ್ನು ಕೆಡವಬೇಕೋ ಬೆಲೆಕಟ್ಟಿ ಬಿಡಬೇಕೋ ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಬೇಕು. ದೀರ್ಘಾವಧಿಯ ಗೇಣಿಯಾದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಬೇಕು.

2. ಇಟ್ಟಿಗೆ, ಉಕ್ಕು, ಸಿಮೆಂಟು, ಮೇಸ್ತ್ರಿಯ ಕೂಲಿ ಎಲ್ಲದರ ರಸೀದಿಗಳೂ ಕಟ್ಟುವವರ ಹೆಸರಿನಲ್ಲಿರಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ಹಣ ಕಟ್ಟಡದ ಬೆಲೆಗೆ ಸೇರದು; ಸವಕಳಿಯೂ ಅದಕ್ಕೆ ಸಿಗದು. ವಾರದ ಬಟವಾಡೆಯಲ್ಲಿ ಅನೇಕರು ತಪ್ಪುವುದು ಇಲ್ಲಿಯೇ.

3. ನಿರ್ಮಾಣಕ್ಕೆ ತೆತ್ತ ಸರಕು ಮತ್ತು ಸೇವಾ ತೆರಿಗೆಯನ್ನು ಸಾಮಾನ್ಯವಾಗಿ ಮರಳಿ ಜಮಾ ಮಾಡಿಕೊಳ್ಳಲಾಗದು. ಅದನ್ನು ಕಟ್ಟಡದ ಬೆಲೆಗೆ ಸೇರಿಸಿ ಸವಕಳಿ ಪಡೆಯಬೇಕು.

4. ನೆಲದ ಪರಿವರ್ತನೆಯ ಆದೇಶ, ನಕ್ಷೆಯ ಮಂಜೂರಾತಿ, ಖಾತೆ, ಕಂದಾಯದ ರಸೀದಿಗಳು ಹೆಂಡತಿಯ ಹೆಸರಿನಲ್ಲಿಯೇ ಇರುವುದು ಸಹಜ. ಅದರಿಂದ ಗಂಡನ ಹಕ್ಕು ಹೋಗದು. ಖಾತೆಯೆಂಬುದು ಕಂದಾಯ ವಸೂಲಿಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಆದರೆ ಲೆಕ್ಕದ ಪುಸ್ತಕ ಹೇಳುವುದಕ್ಕೂ ಕರಾರುಪತ್ರ ಹೇಳುವುದಕ್ಕೂ ಹೊಂದಿಕೆಯಿರಬೇಕು.

5. ಬಾಡಿಗೆ ಗೊತ್ತುಮಾಡಿದ್ದರೆ ಅದು ತಿಂಗಳು ತಿಂಗಳೂ ಹೆಂಡತಿಯ ಸ್ವಂತ ಬ್ಯಾಂಕ್ ಖಾತೆಗೆ ನಿಜವಾಗಿ ಸಲ್ಲಬೇಕು. ವರ್ಷಾಂತ್ಯದಲ್ಲಿ ಪುಸ್ತಕದಲ್ಲಿ ಬರೆದು ಮುಗಿಸುವ ಬಾಡಿಗೆಯನ್ನು ಯಾವ ಅಧಿಕಾರಿಯೂ ನಂಬಲಾರ.

6. ಇಬ್ಬರೂ ಮರಣಶಾಸನ ಬರೆದಿಡುವುದು ಅತ್ಯಂತ ಅಗತ್ಯ.

ಉಪಸಂಹಾರ

ಕಾಯಿದೆಯು ಗಂಡ ಹೆಂಡಿರನ್ನು ಇಬ್ಬರೆಂದು ಎಣಿಸುವುದು ಅವರನ್ನು ಅಗಲಿಸುವುದಕ್ಕಲ್ಲ. ಒಂದು ಕಾಲದಲ್ಲಿ ಹೆಣ್ಣಿಗೆ ಬೇರೆ ಎಣಿಕೆಯೇ ಇರಲಿಲ್ಲ. ಅವಳ ನೆಲವೂ ಗಂಡನ ಮನೆಯ ನೆಲವೆಂದೇ ಆಗುತ್ತಿತ್ತು. ಇಂದು ಅವಳು ತನ್ನ ಹೆಸರಿನ ಒಡತಿ. ನೆಲ ತನ್ನದಾಗಿ ಉಳಿಸಿಕೊಂಡೇ ಗಂಡನ ಕಸುಬಿಗೆ ಆಸರೆಯಾಗಲು ಅವಳಿಗೆ ಸಾಧ್ಯವಿದೆ. ನೆಲ ತನ್ನದಲ್ಲದಿದ್ದರೂ ತನ್ನ ದುಡಿಮೆಯ ಕಟ್ಟಡವನ್ನು ತನ್ನದಾಗಿ ಉಳಿಸಿಕೊಳ್ಳಲು ಅವನಿಗೂ ಸಾಧ್ಯವಿದೆ. ಎರಡು ಒಡೆತನಗಳು ಒಂದೇ ನೆಲೆಯಲ್ಲಿ ಶಾಂತಿಯಿಂದಿರಬಹುದೆಂಬುದನ್ನು 1866ರಿಂದಲೂ ಈ ದೇಶದ ನ್ಯಾಯಾಲಯಗಳು ಹೇಳುತ್ತ ಬಂದಿವೆ.

ಅದಕ್ಕೆ ಬೇಕಾದುದು ವಿಶ್ವಾಸವಿರುವಾಗಲೇ ಬರೆದಿಟ್ಟ ಒಂದು ಪತ್ರ. ವಿಶ್ವಾಸ ಕೆಟ್ಟ ಮೇಲೆ ಪತ್ರ ಹುಟ್ಟದು, ಹುಟ್ಟಿದರೂ ನಿಲ್ಲದು. ವಾಣಿಜ್ಯವನ್ನು ಕಲಿಸುವ ಅಧ್ಯಾಪಕರು ಸವಕಳಿಯ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸುವಾಗ, ಆ ಕಟ್ಟಡ ನಿಂತಿರುವ ನೆಲ ಯಾರದೆಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ ಪಾಠ ಪೂರ್ಣವಾದೀತು. ಕಸುಬು ಹಿಡಿದು ನಿಂತಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಪೆಟ್ಟಿಗೆಯನ್ನು ಒಮ್ಮೆ ತೆರೆದು, ಆ ಪತ್ರ ಅಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.